ಕಪ್ಪು ಟೇಪಿನ ಮೂರು ಸುತ್ತು

ಒದ್ದೆ ಬೆಡ್‌ಶೀಟಿನ ಒಂದು ತುದಿ ಬಕೆಟ್ಟಿನಲ್ಲಿತ್ತು, ಇನ್ನೊಂದು ತಾಯಿಯ ಕೈಯಲ್ಲಿತ್ತು. ಒಬ್ಬಳೇ ಹಿಂಡುವ ವಸ್ತುವಲ್ಲ ಅದು. ಮಗನನ್ನು ಕೂಗಬೇಕು ಅಂದುಕೊಳ್ಳುವಷ್ಟರಲ್ಲಿ ಒಳಕೋಣೆಯಿಂದ ಆ ಸದ್ದು ಬಂತು. ಗುಂಯ್... ಜೇನುಗೂಡಿಗೆ ಯಾರೋ ಕಲ್ಲು ಹೊಡೆದ ಹಾಗೆ. ನಡುವೆ ಗಿಟಾರಿನ ನಾಲ್ಕು ಸ್ವರ ತಲೆಯೆತ್ತಿ, ಮತ್ತೆ ಅದೇ ಗುಂಯ್‌ನಲ್ಲಿ ಮುಳುಗಿದವು. ಆಮೇಲೆ ಎಲ್ಲ ನಿಂತುಹೋಯಿತು. ತಾಯಿಗೆ ಸದ್ದಿಗಿಂತ ಅದು ನಿಂತದ್ದಕ್ಕೇ ಹೆಚ್ಚು ದಿಗಿಲಾಯಿತು. ಬೆಡ್‌ಶೀಟನ್ನು ಬಕೆಟ್ಟಿಗೇ ಬಿಟ್ಟು, ಉಟ್ಟ ಬಟ್ಟೆಗೇ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು.

"ಅಮ್ಮಾ, ನಿನ್ನ ಮಗಳು ಮನೇಲಿ ಜೇನು ಸಾಕ್ತಿದಾಳೆ. ತುಪ್ಪ ಯಾವಾಗ ಸಿಗುತ್ತೆ ಕೇಳು," ಎಂದ ಮಗ, ತಲೆ ಬಾಚಿಕೊಳ್ಳುತ್ತ.

"ನೀನು ಸುಮ್ನಿರೋ. ಹೋಗಿ ಬೆಡ್‌ಶೀಟ್ ಹಿಂಡು."

ಸಣ್ಣಿ ಮಂಚದ ಅಂಚಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಸೋದರಮಾವ ಕೊಟ್ಟ ಹಳೆಯ ಎಲೆಕ್ಟ್ರಿಕ್ ಗಿಟಾರ್, ಕಾಲ ಬಳಿ ಅದರ ಸದ್ದು ಹಿಗ್ಗಿಸುವ ಸಣ್ಣ ಪೆಟ್ಟಿಗೆ, ಆಂಪ್. ಹತ್ತು ವರ್ಷದ ಹುಡುಗಿಗೆ ಗಿಟಾರ್ ಸ್ವಲ್ಪ ದೊಡ್ಡದೇ.

"ಹೀಗಿದ್ರೆ ನಾನು ಹೋಗಲ್ಲಮ್ಮ. ಎಲ್ರೂ ನಗ್ತಾರೆ."

ಸಣ್ಣಿಯ ಮಾತು ಮನೆಯೊಳಗಿನದು. ಅಣ್ಣನ ಜೊತೆ ಜಗಳಕ್ಕೆ ನಿಂತರೆ ಅವಳ ಬಾಯಿಗೆ ಬ್ರೇಕೇ ಇಲ್ಲ. ಆದರೆ ಹೊಸಿಲು ದಾಟಿದರೆ ನಾಲಿಗೆಗೆ ಬೀಗ ಬೀಳುತ್ತಿತ್ತು. ಎರಡು ವರ್ಷದ ಹಿಂದೆ ಹೊಸ ಶಾಲೆಯಲ್ಲಿ ಪಾಠ ಓದುವಾಗ ತಡವರಿಸಿದ್ದಕ್ಕೆ ಇಡೀ ತರಗತಿ ನಕ್ಕಿತಂತೆ. ಅಂದಿನಿಂದ ಹೊರಗೆ ಅವಳ ಮಾತನ್ನೆಲ್ಲ ತಾಯಿಯೇ ಆಡುತ್ತಿದ್ದಳು. ಅಂಗಡಿಯಲ್ಲಿ, ಡಾಕ್ಟರ ಹತ್ತಿರ, ಬಸ್ಸಿನಲ್ಲಿ. "ಏನು ಮರೀ ನಿನ್ನ ಹೆಸರು?" ಎಂದು ಯಾರಾದರೂ ಬಗ್ಗಿ ಕೇಳಿದರೆ ಉತ್ತರ ಮೇಲಿನಿಂದ, ತಾಯಿಯ ಬಾಯಿಂದ ಬರುತ್ತಿತ್ತು.

ಈ ವರ್ಷ ಶಾಲೆಯ ಸಂಗೀತ ಮೇಷ್ಟ್ರು ಮಕ್ಕಳದೇ ಒಂದು ವಾದ್ಯಗೋಷ್ಠಿಯ ಗುಂಪು ಕಟ್ಟುತ್ತಿದ್ದರು. ಸೇರಬೇಕೆನ್ನುವ ಮಕ್ಕಳು ತಾವೇ ಬಂದು ಕೇಳಬೇಕು ಅನ್ನುವುದೊಂದೇ ಅವರ ನಿಯಮ. ತಾಯಿ ಎಂದಿನಂತೆ ಮುದ್ದಾದ ಅಕ್ಷರದಲ್ಲಿ ಒಂದು ಪುಟದ ಪತ್ರ ಬರೆದು ಕಳಿಸಿದ್ದಳು. ಪತ್ರ ಮಾರನೆಯ ದಿನವೇ ವಾಪಸು ಬಂದಿತ್ತು, ಹಿಂಬದಿಯಲ್ಲಿ ಮೇಷ್ಟ್ರ ನಾಲ್ಕು ಸಾಲು: "ಪತ್ರ ಬಹಳ ಚೆನ್ನಾಗಿದೆ. ಆದರೆ ಗುಂಪಿಗೆ ಸೇರಬೇಕಾದವರು ನೀವಲ್ಲ. ಅವಳೇ ಬಂದು ಒಂದು ಮಾತು ಕೇಳಲಿ, ಸಾಕು. ಶನಿವಾರ ಹನ್ನೆರಡರವರೆಗೆ ಕೋಣೆಯಲ್ಲಿರುತ್ತೇನೆ."

ಇವತ್ತೇ ಆ ಶನಿವಾರ. ವಾರವಿಡೀ ಸಣ್ಣಿ ಬೀರುವಿನ ಕನ್ನಡಿಯ ಮುಂದೆ ನಿಂತು ತುಟಿ ಅಲ್ಲಾಡಿಸುವುದನ್ನು ತಾಯಿ ಬಾಗಿಲ ಸಂದಿಯಿಂದ ಕಂಡಿದ್ದಳು. ಮಗಳು ಬಾಯಿಬಿಟ್ಟು ಕೇಳದೇ ವಾಪಸು ಬಂದರೆ ಇನ್ನು ಯಾವತ್ತೂ ಕೇಳಲಾರಳು ಅನ್ನುವ ಭಯ ಅವಳಿಗೆ. ಕೈಯಲ್ಲಿ ಗಿಟಾರ್ ಇದ್ದರೆ ಹುಡುಗಿ ಅಷ್ಟಿಷ್ಟು ಧೈರ್ಯದಲ್ಲಿ ನಿಲ್ಲುತ್ತಿದ್ದಳು. ಈಗ ಆ ಗಿಟಾರೇ ಮೂರು ದಿನದಿಂದ ಹೀಗೆ ಕೈಕೊಟ್ಟಿತ್ತು.

ಮನೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು. ಟ್ಯೂಬ್‌ಲೈಟ್ ಆರಿಸಿದರು. ಫ್ರಿಜ್ಜಿನ ಸ್ವಿಚ್ ತೆಗೆದರು. ಆಂಪಿನ ಪ್ಲಗ್ಗನ್ನು ಅಡುಗೆಮನೆಯ ಸಾಕೆಟ್ಟಿಗೆ ಹಾಕಿದರು. ಮಗ ಗೆಳೆಯನ ಮನೆಗೆ ಓಡಿ ಬೇರೆ ಕೇಬಲ್ ತಂದ. ಲೈಟ್ ಆರಿಸಿದಾಗ ಗುಂಯ್ ಒಂದಿಷ್ಟು ತಗ್ಗಿತು, ಅಷ್ಟೇ.

"ಗಿಟಾರು, ಆಂಪು ಎರಡೂ ಎತ್ಕೊಂಡ್ ನಡಿ," ಎಂದಳು ತಾಯಿ. "ಬೆಸುಗೆ ಅಜ್ಜಿ ಹತ್ರ ಹೋಗೋಣ."

ಬೆಸುಗೆ ಅಜ್ಜಿ ಅದೇ ಕಟ್ಟಡದ ಕೆಳಗಿನ ಮನೆಯಾಕೆ. ಮೂವತ್ತು ವರ್ಷ ರೇಡಿಯೋ ಕಾರ್ಖಾನೆಯಲ್ಲಿ ಕೂದಲೆಳೆಯಂಥ ತಂತಿಗಳಿಗೆ ಬೆಸುಗೆ ಹಾಕಿದ ಕೈ ಅವರದು. ಕಾರ್ಖಾನೆ ಮುಚ್ಚಿದ ಮೇಲೆ ಬೀದಿಯ ಕೆಟ್ಟ ಇಸ್ತ್ರಿಪೆಟ್ಟಿಗೆ, ಫ್ಯಾನು, ಗಂಟೆ ಹೊಡೆಯದ ಗಡಿಯಾರ ಎಲ್ಲ ಅವರ ಊಟದ ಮೇಜಿಗೇ ಬರುತ್ತಿದ್ದವು. ಅಜ್ಜಿ ಊಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ಮಾಡುತ್ತಿದ್ದರು.

ತಾಯಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೂರು ದಿನದಿಂದ ಹೀಗೆ, ಲೈಟ್ ಆರಿಸಿದರೆ ಹೀಗೆ, ಇವತ್ತು ಹನ್ನೆರಡಕ್ಕೆ ಹೀಗೆ. ಅಜ್ಜಿ ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟು, ಕನ್ನಡಕ ಒರೆಸಿಕೊಂಡು, ಎಲ್ಲ ಮುಗಿಯುವವರೆಗೆ ಕಾದರು.

"ವಕೀಲಿಕೆ ಆಯ್ತಾ? ಈಗ ಹೇಳು, ಗಿಟಾರ್ ಯಾರ್ದು?"

"ಇವಳದ್ದೇ ಅಜ್ಜಿ. ಆದ್ರೆ ಇವಳು ಹೊರಗೆಲ್ಲ..."

"ಗೊತ್ತು ಬಿಡಮ್ಮ, ಮೆಟ್ಟಿಲ ಮೇಲೆ ದಿನಾ ನೋಡ್ತೀನಿ." ಅಜ್ಜಿ ಸಣ್ಣಿಯ ಕಡೆ ತಿರುಗಿದರು. "ನೋಡು ಮಗೂ, ನಮ್ಮ ಕಾರ್ಖಾನೇಲಿ ಮಷಿನ್ ಗಲಾಟೆಗೆ ಬಾಯಲ್ಲಿ ಮಾತಾಡೋ ಹಾಗೇ ಇರ್ಲಿಲ್ಲ. ಎಲ್ಲ ಬೆರಳಲ್ಲೇ. ಸದ್ದು ಕಮ್ಮಿ ಆದ್ರೆ ಒಂದು ಬೆರಳು, ಜಾಸ್ತಿ ಆದ್ರೆ ಎರಡು, ಹಾಗೇ ಇದ್ರೆ ಮುಷ್ಟಿ. ನನ್ನ ಕಿವಿ ಆ ಗಲಾಟೆಗೇ ಅರ್ಧ ಹೋಗಿದೆ. ಇವತ್ತು ನಿನ್ನ ಕಿವಿ ಸಾಲ ಕೊಡು. ತಿಳೀತಾ?"

ಸಣ್ಣಿ ಒಂದು ಬೆರಳೆತ್ತಿದಳು.

"ಏಯ್, ಇನ್ನೂ ಶುರುವೇ ಮಾಡಿಲ್ಲ, ಆಗ್ಲೇ ಕಮ್ಮಿ ಆಯ್ತಾ?"

ಹುಡುಗಿಯ ಮುಖದಲ್ಲಿ ನಗು ಒಡೆಯಿತು. ತಾಯಿ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. 'ಬಾಯಿ ಬರಲ್ವಾ ಮಗೂಗೆ?' ಅಂದವರು ಎಷ್ಟು ಜನ! 'ನಾಚ್ಕೆನಾ?' ಅಂದು ಗಲ್ಲ ಹಿಂಡಿದವರೆಷ್ಟು ಜನ! ಇಷ್ಟು ದಿನದಲ್ಲಿ ಮಗಳ ಬೆರಳೇ ಸಾಕು ಅಂದವರು ಇವರೊಬ್ಬರೇ.

ಅಜ್ಜಿ ಕೆಲಸಕ್ಕಿಳಿದರು. ಕೇಬಲನ್ನು ಬುಡದಲ್ಲಿ ಅಲ್ಲಾಡಿಸಿದರು: ಮುಷ್ಟಿ. ವಾಲ್ಯೂಮ್ ಗುಂಡಿ ತಿರುಗಿಸಿದರು: ಎರಡು ಬೆರಳು, ಆಮೇಲೆ ಒಂದು. "ಅಂದ್ರೆ ಆಂಪ್‌ದಲ್ಲ, ಗಿಟಾರಿನ ಕಡೆಯಿಂದಲೇ ಬರ್ತಿದೆ. ಈಗ ನೀನು ತಂತಿಗಳ ಮೇಲೆ ಅಂಗೈ ಇಡು."

ಇಟ್ಟಳು. ಮುಷ್ಟಿ.

"ಹೌದಾ? ಕಮ್ಮಿ ಆಗ್ಬೇಕಿತ್ತಲ್ಲ. ಸರಿ, ಕೇಬಲ್ ಚುಚ್ಚಿದ್ದೀಯಲ್ಲ, ಅದರ ಸುತ್ತ ಇರೋ ಲೋಹದ ತಗಡು ಮುಟ್ಟು."

ಸಣ್ಣಿಯ ಬೆರಳು ತಗಡಿಗೆ ತಾಗಿದ್ದೇ ತಡ, ಗುಂಯ್ ಕತ್ತು ಹಿಸುಕಿದ ಹಾಗೆ ಅಡಗಿತು. ಬೆರಳು ತೆಗೆದಳು: ಗುಂಯ್. ಮುಟ್ಟಿದಳು: ಇಲ್ಲ. ಇನ್ನೊಂದು ಕೈಯ ಒಂದು ಬೆರಳು ಮನೆಯ ಛಾವಣಿಗೇ ತಾಗುವಂತೆ ಮೇಲಕ್ಕೆ ಹೋಯಿತು.

"ಸಿಕ್ಕಿಬಿದ್ದ ಕಳ್ಳ!" ಅಜ್ಜಿ ಮೇಜು ತಟ್ಟಿದರು. "ಕೇಳು. ಈ ಲೈಟು, ಫ್ಯಾನು, ಗೋಡೆ ಒಳಗಿನ ವೈರು, ಎಲ್ಲ ಸದ್ದಿಲ್ಲದೆ ಗಲಾಟೆ ಮಾಡ್ತಿರುತ್ತೆ. ನಿನ್ನ ಮೈ ಅದನ್ನ ಹಿಡಿದು ಗಿಟಾರಿಗೆ ದಾಟಿಸುತ್ತೆ. ತಂತಿಗೂ ಈ ತಗಡಿಗೂ ಒಳಗೊಳಗೇ ನಂಟಿದ್ರೆ, ನೀನು ತಂತಿ ಮುಟ್ಟಿದ ಕೂಡ್ಲೇ ಆ ಗಲಾಟೆ ಹೊರಗೆ ಹರಿದುಹೋಗುತ್ತೆ. ಇಲ್ಲಿ ಎಲ್ಲೋ ನಂಟು ಕಡಿದಿದೆ."

ಕರೆಂಟಿನ ದಾರಿ ಪರೀಕ್ಷಿಸುವ ಮೀಟರೊಂದನ್ನು ತೆಗೆದು, ಅದರ ಒಂದು ಮೊನೆಯನ್ನು ತಗಡಿಗೂ ಇನ್ನೊಂದನ್ನು ತಂತಿಗೂ ಒತ್ತಿದರು. ಪೀಪ್ ಅನ್ನಬೇಕಿದ್ದ ಮೀಟರು ಸುಮ್ಮನಿತ್ತು.

"ತಂತಿ ಕೂತಿರೋ ಈ ಬ್ರಿಡ್ಜ್ ಇದೆಯಲ್ಲ, ಈ ಲೋಹದ ಪೀಠ, ಇದರ ಅಡಿಗೆ ಒಂದು ವೈರ್ ಬಂದು ತಾಗಿರುತ್ತೆ. ಅದು ತುಂಡಾಗಿರ್ಬೇಕು. ಬಿಚ್ಚೋಣ."

ತಾಯಿ ಸ್ಟೂಲಿನಿಂದ ಅರ್ಧ ಎದ್ದಳು.

"ಅಜ್ಜೀ... ಅದು ತುಂಡಾಗಿಲ್ಲ ಅನ್ಸುತ್ತೆ."

"ನಿಂಗೆ ಹೇಗ್ ಗೊತ್ತು?"

"ಬಿಚ್ಚಿ, ನೀವೇ ನೋಡ್ತೀರಿ."

ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ತೆಗೆದು, ಬ್ರಿಡ್ಜನ್ನು ಎತ್ತಿದರು. ಅದರ ಕೆಳಗೆ ಮರದ ತೂತಿನಿಂದ ಹೊರಬಂದ ವೈರಿನ ತುದಿಗೆ ಕಪ್ಪು ಇನ್ಸುಲೇಶನ್ ಟೇಪು ಬಿಗಿಯಾಗಿ ಮೂರು ಸುತ್ತು ಕೂತಿತ್ತು. ಮುಂದೆ ಬಿಚ್ಚುವವರಿಗೆ ಸುಲಭವಾಗಲೆಂದು ಟೇಪಿನ ಕೊನೆಯನ್ನು ಒಂದಿಷ್ಟು ಮಡಿಸಿಯೂ ಇತ್ತು. ಆ ಮಡಿಕೆ ಹಾಕುವವರು ಈ ಕಟ್ಟಡದಲ್ಲಿ ಒಬ್ಬರೇ.

"ಅಮ್ಮಾ!" ಸಣ್ಣಿ ಪಿಸುಗುಟ್ಟಿದಳು.

"ಬುಧವಾರ ತುಕ್ಕು ಒರೆಸೋಣ ಅಂತ ಎಲ್ಲ ಬಿಚ್ಚಿದ್ದೆ," ತಾಯಿ ತಲೆ ತಗ್ಗಿಸಿದಳು. "ಶನಿವಾರಕ್ಕೆ ಫಳಫಳ ಹೊಳೀಲಿ ಅಂತ. ನೋಡ್ತೀನಿ, ಅಡಿಯಲ್ಲಿ ಬೆತ್ತಲೆ ವೈರು! ಇಸ್ತ್ರಿಪೆಟ್ಟಿಗೆ ಹೊಡೆದ ಶಾಕ್ ಇನ್ನೂ ನನ್ನ ಮೊಣಕೈಯಲ್ಲೇ ಇದೆ ಅಜ್ಜಿ. ಮಗು ಕೈಯಾಡಿಸೋ ಜಾಗದಲ್ಲಿ ಹೀಗೆ ಬಿಟ್ಟವರ್ಯಾರು ಅಂತ ಬೈಕೊಂಡು, ನಾನೇ ಸುತ್ತಿದೆ."

ಅಜ್ಜಿ ನಕ್ಕ ನಗೆಗೆ ಕನ್ನಡಕ ಮೂಗಿನ ತುದಿಗೆ ಬಂತು. "ಸುತ್ತಿದ್ದು ಮಾತ್ರ ಅಚ್ಚುಕಟ್ಟು ಕಣಮ್ಮ! ನಮ್ಮ ಕಾರ್ಖಾನೇಲಿ ಇದ್ದಿದ್ರೆ ನಿನ್ನನ್ನ ಮೇಲ್ವಿಚಾರಕಿ ಮಾಡ್ತಿದ್ರು. ಆದ್ರೆ ಇದು ಶಾಕ್ ಹೊಡೆಯೋ ವೈರಲ್ಲ. ಇದು ಬರೀ ಮೈಯಲ್ಲೇ ಇರ್ಬೇಕು, ಲೋಹಕ್ಕೆ ತಾಗ್ಲೇಬೇಕು. ಬೆಚ್ಚಗೆ ಹೊದಿಸಿಬಿಟ್ರೆ ಇದರಿಂದ ಏನೂ ಕೆಲಸ ಆಗಲ್ಲ."

ತಾಯಿ ಆ ಟೇಪನ್ನೇ ನೋಡುತ್ತಿದ್ದಳು. ಮೂರು ದಿನ ಫ್ರಿಜ್ಜು, ಲೈಟು, ಅಡುಗೆಮನೆಯ ಸಾಕೆಟ್ಟು ಎಲ್ಲದರ ಮೇಲೂ ಅನುಮಾನಪಟ್ಟಿದ್ದಳು. ತನ್ನ ಕೈಯ ಮೇಲೊಂದು ಬಿಟ್ಟು.

"ತೆಗಿ ಮಗೂ," ಎಂದು ಅಜ್ಜಿ ಗಿಟಾರನ್ನು ಸಣ್ಣಿಯ ಕಡೆ ಸರಿಸಿದರು. ಅವಳು ಮಡಿಕೆ ಹಿಡಿದು ಎಳೆದಳು. ಟೇಪು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಅಂಟನ್ನು ಉಗುರಿನಿಂದ ಕೆರೆದು ತಾಮ್ರದ ಎಳೆಗಳನ್ನು ಬಿಡಿಸಿ ಹರಡಿದಳು. ಬ್ರಿಡ್ಜನ್ನು ಅದರ ಮೇಲೆ ಕೂರಿಸಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಮೊದಲ ಸ್ಕ್ರೂ ಜಾರಿತು. ತಾಯಿಯ ಕೈ ತಾನಾಗಿಯೇ ಮುಂದೆ ಹೋಯಿತು.

ಅಜ್ಜಿ ಆ ಕೈಯನ್ನು ಹಿಡಿದು, ಅಂಗೈ ಬಿಡಿಸಿ, ಉಳಿದ ಮೂರು ಸ್ಕ್ರೂಗಳನ್ನು ಅದರಲ್ಲಿಟ್ಟರು. "ಇವನ್ನ ಬೀಳದ ಹಾಗೆ ಹಿಡ್ಕೊಂಡಿರು. ಕೈಗೊಂದು ಕೆಲಸ ಆಗುತ್ತೆ."

ತಾಯಿ ಹಿಡಿದುಕೊಂಡು ಕೂತಳು. ಸಣ್ಣಿ ತುಟಿ ಕಚ್ಚಿಕೊಂಡು, ಆ ಅಂಗೈಯಿಂದ ಒಂದೊಂದಾಗಿ ತೆಗೆದು ನಾಲ್ಕನ್ನೂ ಬಿಗಿದಳು. ಮೀಟರ್ ಪೀಪ್ ಅಂದಿತು. ತಂತಿಗಳನ್ನು ಮತ್ತೆ ಬಿಗಿದು, ಶ್ರುತಿ ಮಾಡಿ, ಆಂಪಿನ ಸ್ವಿಚ್ ಒತ್ತಿ ತಂತಿಗಳ ಮೇಲೆ ಕೈಯಿಟ್ಟಾಗ ಕೋಣೆ ಎಷ್ಟು ಮೌನವಾಯಿತೆಂದರೆ, ಆಂಪೇ ಕೆಟ್ಟಿದೆಯೇನೋ ಎಂದು ಮೂವರೂ ಅಂದುಕೊಂಡರು. ಆಮೇಲೆ ಅವಳು ಒಂದು ತಂತಿ ಮೀಟಿದಳು. ತೊಳೆದ ಗಾಜಿನಂಥ ಒಂದೇ ಒಂದು ಸ್ವರ ಎದ್ದು ನಿಂತಿತು.

"ಕಡ್ಡಿ ಕಾಯಿಸಿದ್ದು ದಂಡ ಆಯ್ತು," ಅಜ್ಜಿ ಗೊಣಗಿದರು. "ಒಂದು ಚುಕ್ಕೆ ಬೆಸುಗೆನೂ ಬೇಡ್ವಲ್ಲ!"

"ಅಜ್ಜಿ, ನಿಮ್ಮ ಉಪಕಾರ ನಾನು ಹೇಗೆ..."

"ಅದೆಲ್ಲ ಆಮೇಲೆ ಹೇಳು. ಹನ್ನೊಂದೂವರೆ ಆಯ್ತು, ಓಡಿ!"

ಇಬ್ಬರೂ ಹೆಚ್ಚುಕಡಿಮೆ ಓಡಿದರು. ಶಾಲೆಯ ಕಾರಿಡಾರಿನಲ್ಲಿ ಶನಿವಾರದ ಖಾಲಿತನ. ಸಂಗೀತದ ಕೋಣೆಯ ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಒಂದು ಡೋಲಿನ ಹಗ್ಗ ಬಿಗಿಯುತ್ತಿದ್ದರು. ಕಿಟಕಿಯ ಬಳಿ ಇಬ್ಬರು ಮಕ್ಕಳು ಕೊಳಲು ಒರೆಸುತ್ತಿದ್ದರು. ಮೂವರೂ ತಲೆಯೆತ್ತಿದರು.

ಮೇಷ್ಟ್ರು ಮೊದಲು ನೋಡಿದ್ದು ತಾಯಿಯ ಕಡೆ. ದೊಡ್ಡವರು ಮಾತು ಶುರುಮಾಡುತ್ತಾರೆ ಅನ್ನುವ ರೂಢಿಯ ನೋಟ. ತಾಯಿಯ ನಾಲಿಗೆಯ ತುದಿಯಲ್ಲಿ ವಾಕ್ಯ ಸಿದ್ಧವಾಗಿತ್ತು: 'ನಮಸ್ಕಾರ ಸರ್, ಇವಳು ನನ್ನ ಮಗಳು, ಇವಳಿಗೆ...' ಅದನ್ನು ಹಾಗೇ ನುಂಗಿದಳು. ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಗೋಡೆಯ ಮೇಲಿದ್ದ ವೇಳಾಪಟ್ಟಿಯನ್ನು ಓದತೊಡಗಿದಳು. ಸೋಮವಾರ, ಮಂಗಳವಾರ, ಬುಧವಾರ. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಸಣ್ಣಿ ತಿರುಗಿ ತಾಯಿಯನ್ನು ನೋಡಿದಳು. ತಾಯಿ ವೇಳಾಪಟ್ಟಿ ಬಿಟ್ಟು ಕಣ್ಣು ಕದಲಿಸಲಿಲ್ಲ. ಇಷ್ಟು ಕಷ್ಟದ ಕೆಲಸವನ್ನು ಅವಳು ಹೆರಿಗೆಯ ದಿನವೂ ಮಾಡಿರಲಿಲ್ಲ.

ಮೇಷ್ಟ್ರಿಗೆ ಅರ್ಥವಾಯಿತು. ಅವರು 'ಏನು ಬೇಕು?' ಅನ್ನಲಿಲ್ಲ, 'ಹೇಳು ಹೇಳು' ಅನ್ನಲಿಲ್ಲ. ಡೋಲನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಸ್ವಲ್ಪ ಮುಂದೆಳೆದುಕೊಂಡು, ದಿನವೆಲ್ಲ ಬಿಡುವಿದ್ದವರಂತೆ ಕೈಕಟ್ಟಿ ಕೂತರು. ಕೊಳಲಿನ ಮಕ್ಕಳೂ ಕಿಸಕ್ಕೆನ್ನಲಿಲ್ಲ. ತಾಯಿ ಮನಸ್ಸಿನಲ್ಲೇ ಆ ಮೂವರಿಗೂ ಕೈಮುಗಿದಳು, ಕೆಳಮನೆಯ ಮೇಜಿನ ಮುಂದೆ ಗೊಣಗುತ್ತಿರಬಹುದಾದ ಅಜ್ಜಿಗೂ ಮುಗಿದಳು.

ಗಿಟಾರಿನ ಪಟ್ಟಿ ಹೆಗಲ ಮೇಲೆ ಸರಿದ ಸದ್ದು. ಎರಡು ಹೆಜ್ಜೆ. ಒಂದು ದೀರ್ಘ ಉಸಿರು. ಆಮೇಲೆ, ಸಣ್ಣದಾಗಿ ಶುರುವಾಗಿ, ನಡುವೆ ಒಮ್ಮೆ ತಡವರಿಸಿ, ಕೊನೆಯವರೆಗೂ ಹೋದ ದನಿ:

"ಸರ್... ನಾ... ನಾನೂ ನಿಮ್ಮ ಜೊತೆ ನುಡಿಸ್ಲಾ?"