ಒಂಬತ್ತನೆಯ ಸಾಲಿನ ಬಾವಿ

ಪರದೆಯನ್ನು ನನಗೆ ಓದಿ ಹೇಳುವ, ಟಿ ಒತ್ತಿದರೆ ಟಿ ಎನ್ನಬೇಕಾದ ಯಂತ್ರ ಕಿಟಕಿಯ ಹೆಸರನ್ನು ಓದುತ್ತಿದೆ, ಶೀರ್ಷಿಕೆಯಿಲ್ಲದ ಕಡತ, ಮತ್ತೆ ಒತ್ತಿದೆ, ಮತ್ತೆ ಶೀರ್ಷಿಕೆಯಿಲ್ಲದ ಕಡತ, ಬೆರಳು ಪಳಗಲೆಂದು ಟೆಸ್ಟ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಬರೆಯಲು ಹೊರಟಿದ್ದೆ, ಅಷ್ಟೇ, ಎರಡನೆಯದು ಇ — ಉತ್ತರವಿಲ್ಲ, ಮೂರನೆಯದು ಎಸ್ — ಮಾತು ಬಂದ್ ಎಂದು ತಾನೇ ಘೋಷಿಸಿಕೊಂಡು ಯಂತ್ರ ಮೂಕವಾಯಿತು, ಈಗ ಫ್ಯಾನಿನ ಸದ್ದು, ಓಣಿಯಲ್ಲಿ ತರಕಾರಿಯವಳ ಕೂಗು, ನನ್ನ ಉಸಿರು, ಬೇರೇನೂ ಇಲ್ಲ, ಪರದೆಯ ಮೇಲೆ ಏನಿದೆಯೋ ಅದು ನನ್ನ ಪಾಲಿಗೆ ಇಲ್ಲವೇ ಇಲ್ಲ. ವೇಳೆ ಎಷ್ಟಾತ್ರಿ ಅಪ್ಪಾ, ಹತ್ತೂ ಮೂವತ್ತೆಂಟು ನೋಡವಾ, ಯಾಕ, ಏನಾತು, ಏನೂ ಇಲ್ಲ ಎಂದೆ, ಸುಳ್ಳು, ಇಪ್ಪತ್ತೆರಡು ನಿಮಿಷಗಳಲ್ಲಿ ಸೊಲ್ಲಾಪುರದ ಪ್ರಯೋಗಾಲಯದಿಂದ ಶುಭಾಂಗಿ ಮೇಡಮ್ ಕರೆ ಮಾಡುತ್ತಾರೆ, ನೀರಿನ ಪರೀಕ್ಷೆಯ ವರದಿಗಳನ್ನು ಸಿದ್ಧಪಡಿಸುವ ಸಹಾಯಕಿಯ ಹುದ್ದೆ ಒಂದೇ, ಪಟ್ಟಿಯಲ್ಲಿ ಮೊದಲ ಹೆಸರು ಗೋಪಿಕಾ ನಾಗೇಶ, ಅಂದರೆ ನಾನು, ನನ್ನದೇ ಲ್ಯಾಪ್‌ಟಾಪ್ ಕಂಪ್ಯೂಟರಿನಲ್ಲಿ ಮೂವತ್ತು ನಿಮಿಷ ಕೆಲಸ ಮಾಡಿ ತೋರಿಸಬೇಕು, ಇನ್ನೊಬ್ಬರ ಕೈ ತಾಗಿದರೆ ಹೆಸರು ರದ್ದು, ತಾಗುವುದಿಲ್ಲವೆಂದು ಅವರು ನೋಡಲು ಅಪ್ಪ ಹಿಂದಿನ ಕಪಾಟಿನ ಮೇಲೆ ಫೋನು ನಿಲ್ಲಿಸಿಟ್ಟಿದ್ದಾರೆ. ಸೋತರೆ ಎರಡನೆಯ ಹೆಸರಿಗೆ ಹೋಗುತ್ತದೆ, ನಾನು ಸೋದರತ್ತೆ ಹೇಳಿದ ಹಾರ್ಮೋನಿಯಂ ಕ್ಲಾಸಿಗೆ — ಸಂಗೀತ ಕಲಿ ಗೋಪೀ, ಕಣ್ಣಿಲ್ಲದವರಿಗೆ ಸ್ವರ ಲಗೂನ ಒಲೀತದ, ಆ ಕೆಮಿಸ್ಟ್ರಿ ಇನ್ನ ಸಾಕ — ಅತ್ತೆ ಒಳ್ಳೆಯವಳು, ಅದಕ್ಕೇ ಆ ಮಾತು ಮರೆಯುವುದಿಲ್ಲ, ಸ್ವರವೂ ನನಗೆ ಒಲಿದದ್ದಿಲ್ಲ, ಒಲಿದದ್ದು ಮೋಲಾರಿಟಿ, ದಶಮಾಂಶ, ದೋಷದ ಶೇಕಡಾ.

ಕ್ರಮವಾಗಿ ಯೋಚಿಸು. ಲಕ್ಷಣ: ಅಕ್ಷರಗಳು ಅಕ್ಷರಗಳಾಗಿ ಬೀಳುತ್ತಿಲ್ಲ, ಆಜ್ಞೆಗಳಾಗಿ ಬೀಳುತ್ತಿವೆ, ಟಿ ಎಂದರೆ ಶೀರ್ಷಿಕೆ ಓದು, ಎಸ್ ಎಂದರೆ ಮಾತಿನ ಬಗೆ ಬದಲಿಸು — ಮಾತು, ಬಂದ್, ಬರೀ ಬೀಪ್, ಮತ್ತೆ ಮಾತು, ಆದರೆ ಅವು ಆಜ್ಞೆಗಳಾಗುವುದು ಆಜ್ಞೆಯ ಕೀಲಿಯನ್ನು ಜೊತೆಗೆ ಒತ್ತಿ ಹಿಡಿದಾಗ ಮಾತ್ರ, ನಾನು ಹಿಡಿದಿಲ್ಲ, ಹಾಗಾದರೆ ಯಾರು ಹಿಡಿದಿದ್ದಾರೆ — ಈ ಯಂತ್ರ ಕಲಿಸಿದ ಪರಾಗ ಸರ್ ಇದ್ದರೆ ನಗುತ್ತಿದ್ದರು, ಸೊಲ್ಲಾಪುರದ ಆ ಎರಡನೆಯ ಮಹಡಿಯ ಕೋಣೆ, ಮೂರು ವಾರ ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟೆಯಿಂದ ಹೋಗಿ ಬಂದೆ, ಸರ್ ಹುಟ್ಟಿನಿಂದಲೇ ಕಣ್ಣು ಕಾಣದ ಮನುಷ್ಯ, ಮೊದಲ ದಿನ ನನ್ನ ಹೊಸ ಕಂಪ್ಯೂಟರಿನ ಪರದೆಯ ಬೆಳಕನ್ನೇ ಆರಿಸಿಬಿಟ್ಟರು, ಆತಾ ಆಪಣ ದೋಘಂ ಸಾರಖೇ, ಈಗ ನಾವಿಬ್ಬರೂ ಸಮ, ಕಣ್ಣಿದ್ದ ಕಾಲದ ಹಳೆಯ ಚಟದಿಂದ ನನ್ನ ಕೈ ಮೌಸಿನತ್ತ ಸರಿದಾಗಲೆಲ್ಲ ಅವರಿಗೆ ಹೇಗೋ ತಿಳಿಯುತ್ತಿತ್ತು, ಮೌಸಲಾ ಹಾತ ಲಾವಲಾಸ, ಚಹಾ ತುಝ್ಯಾಕಡೂನ, ಮೌಸು ಮುಟ್ಟಿದರೆ ಚಹಾ ನಿನ್ನ ಲೆಕ್ಕಕ್ಕೆ, ಮೊದಲ ವಾರ ಹದಿನಾಲ್ಕು ಚಹಾ ಕುಡಿಸಿದೆ, ಎರಡನೆಯ ವಾರ ಮೂರು, ಮೂರನೆಯ ವಾರ ಸರ್ ತಾವೇ ಕುಡಿಸಿದರು. ಆಧೀ ಐಕ, ಮಗ ಬೋಟ ಹಲವ, ಮೊದಲು ಕೇಳು, ಆಮೇಲೆ ಬೆರಳಾಡಿಸು, ಆದರೆ ಸರ್, ಕೇಳಲು ಮಾತೇ ಇಲ್ಲವಲ್ಲ — ಇಲ್ಲ, ಇದೆ, ಪ್ರಯೋಗ ಇದೆ: ಆಜ್ಞೆಯ ಕೀಲಿ ಕೆಳಗೇ ಸಿಕ್ಕಿಕೊಂಡಿದ್ದರೆ ಬರೀ ಎಸ್ ಒತ್ತಿದರೂ ಮಾತಿನ ಬಗೆ ಇನ್ನೊಮ್ಮೆ ಬದಲಾಗಬೇಕು, ಒತ್ತಿದೆ, ಬೀಪ್, ಸರಿ, ಮತ್ತೊಮ್ಮೆ ಒತ್ತಿದೆ — ಮಾತು ಶುರು ಎಂದಿತು ಯಂತ್ರ, ಅದೇ ಮೂಗಿನ ಧ್ವನಿ, ಅದನ್ನು ಇಷ್ಟು ಪ್ರೀತಿಯಿಂದ ನಾನೆಂದೂ ಕೇಳಿರಲಿಲ್ಲ, ಊಹೆ ಸಾಬೀತಾಯಿತು, ಕೀಲಿ ಸಿಕ್ಕಿಕೊಂಡಿದೆ, ನನ್ನ ಯಂತ್ರದಲ್ಲಿ ಆಜ್ಞೆಯ ಕೀಲಿಯೆಂದರೆ ಎಡಗಡೆಯ ಕ್ಯಾಪ್ಸ್ ಲಾಕ್, ಕಿರುಬೆರಳು ಸವರಿದೆ, ಪಕ್ಕದ ಎ ಗಿಂತ ಒಂದು ಕೂದಲೆಳೆ ತಗ್ಗು, ಒತ್ತಿದರೆ ಪುಟಿಯುವುದಿಲ್ಲ, ಬೆರಳಿಗೆ ಜಿಡ್ಡು ಹತ್ತಿತು, ಮೂಗಿನ ಬಳಿ ತಂದೆ, ತುಪ್ಪ ಮತ್ತು ಅರಿಶಿನ.

ಆಯೀ. ಏನವಾ, ಎಂದಳು ಅಜ್ಜಿ ಕಸ್ತೂರಬಾಯಿ ಬಾಗಿಲ ಹೊಸ್ತಿಲಿನಿಂದ, ಅಲ್ಲೇ ನಿಂತಿದ್ದಾಳೆ, ಬೆಳಗಿನಿಂದ ಅಲ್ಲೇ, ನಾ ಜಳಕಕ್ಕ ಹೋದಾಗ ಇದಕ್ಕೇನು ಮಾಡಿದಿ ನೀನು, ಏನ ಮಾಡ್ಲೆವಾ, ಹೊಸಾ ವಸ್ತು, ಇವತ್ತ ಅದರ ಮೊದಲನೇ ಪರೀಕ್ಷಾ, ಪೂಜಿ ಮಾಡದ ಹ್ಯಾಂಗ ಬಿಡಲಿ, ಕುಂಕುಮ ಮುಚ್ಚಳಕ್ಕ ಹಚ್ಚೀನಿ, ಅಕ್ಷತಿ ಎರಡ ಕಾಳ ಒಳಗ ಹಾಕೀನಿ, ಎರಡ ಕಾಳು, ನಿಮ್ಮಪ್ಪನ ಸೈಕಲ್ಲಿಗೆ ಮುಷ್ಟಿಗಟ್ಟಲೇ ಹಾಕಿದ್ದೆ, ಅದೇನ ನಿಂತಿತ್ತ? ಅಪ್ಪನ ಕುರ್ಚಿ ಕಿರುಗುಟ್ಟಿತು, ಸರಿ ಗೋಪೀ, ನಾ ನೋಡ್ತೀನಿ, ಮೌಸ್ ಹಿಡದ ಒಂದ ಮಿನಿಟಿನ್ಯಾಗ, ಅವರ ಅಂಗಿಯ ತೋಳು ನನ್ನ ಮೊಣಕೈಗೆ ತಗುಲಿತು, ತಹಸೀಲ್ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಬೇರೆಯವರ ಅರ್ಜಿ ತಾವೇ ತುಂಬಿಕೊಟ್ಟ ಕೈ, ಕಣ್ಣು ಹೋದ ಮೇಲೆ ಎರಡು ವರ್ಷದಿಂದ ನನ್ನ ತಟ್ಟೆಯಲ್ಲಿ ಭಕ್ಕರಿಯನ್ನೂ ಮುರಿದಿಡುವ ಕೈ, ಅಪ್ಪಾ ಕೈ ತಗೀರಿ, ಹೀಗೆ ಅವರೊಂದಿಗೆ ನಾನೆಂದೂ ಮಾತಾಡಿರಲಿಲ್ಲ, ಕೈ ತಗೀರಿ ಎಂದೆ ಇನ್ನೊಮ್ಮೆ, ಹೊಸ್ತಿಲಿನಿಂದ ಅಜ್ಜಿ, ಏ ನಾಗ್ಯಾ, ಅಕಿ ಹೇಳಾಕತ್ತಾಳ ಕೇಳಸಂಗಿಲ್ಲೇನ, ನಿನಗ ಇನ್ನ ಪ್ರಿಂಟ್ ತಗಿಯಾಕ ಬರಂಗಿಲ್ಲ, ಸುಮ್ಮ ಕುಂದರು, ಅಪ್ಪ ಕೂತರು, ಕುರ್ಚಿ ಮತ್ತೆ ಕಿರುಗುಟ್ಟಿತು. ಕಂಪ್ಯೂಟರನ್ನು ಆರಿಸಿ ಬೋರಲು ಮಾಡಲು ಎತ್ತಿದೆ, ಅಯ್ಯ, ಅಕ್ಷತಿ ನೆಲಕ್ಕ ಬೀಳ್ತಾವ, ತಡಿ ತಡಿ, ತುಳದಾಡಿದರ ಹ್ಯಾಂಗ, ಅಜ್ಜಿಯ ಬಳೆಗಳು ಹತ್ತಿರ ಬಂದವು, ಮಂಡಿಯೂರಿ ನನ್ನ ಕೈಗಳ ಕೆಳಗೆ ಸೆರಗು ಹಿಡಿದಳು, ಹಾ, ಈಗ ಬಡಿ, ಬಡಿದೆ, ಒಂದು ಕಾಳು, ಮತ್ತೆ ಬಡಿದೆ, ಬೀಳಲಿಲ್ಲ, ಪಿನ್ನು ಕೊಡು ಆಯೀ, ಬಳೆಗೆ ಸಿಕ್ಕಿಸಿದ ಪಿನ್ನನ್ನು ಬಿಚ್ಚಿ ಅಂಗೈಗಿಟ್ಟಳು, ಕೀಲಿಯ ಅಂಚಿಗೆ ಓರೆಯಾಗಿ, ಮೂವತ್ತು ಡಿಗ್ರಿ, ಒತ್ತಡ ಕಡಿಮೆ, ಕಡಿಮೆ, ಯಾವುದೋ ಜಾರಿತು, ಟಕ್ ಎಂದು ಕ್ಯಾಪ್ಸ್ ಲಾಕ್ ಮೇಲೆದ್ದಿತು, ಸೆರಗಿನಲ್ಲಿ ಎರಡನೆಯ ಕಾಳು ಬಿದ್ದ ಸದ್ದು ಕೇಳಿದೆನೆಂದರೆ ಯಾರೂ ನಂಬುವುದಿಲ್ಲ, ಕೇಳಿದೆ. ಯಂತ್ರ ಏಳಲು ನಲವತ್ತು ಸೆಕೆಂಡು, ಟಿ ಎಂದರೆ ಟಿ, ಇ ಎಂದರೆ ಇ, ಎಸ್ ಎಂದರೆ ಎಸ್, ಹತ್ತೂ ಐವತ್ತೆಂಟು.

ನಮಸ್ಕಾರ ಗೋಪಿಕಾ, ಶುಭಾಂಗಿ ಮೇಡಮ್ ಧ್ವನಿ ಕಪಾಟಿನ ಫೋನಿನಿಂದ, ಅವರ ಹಿಂದೆ ಗಾಜಿನ ಸಾಮಾನು ತೊಳೆಯುವ ಸದ್ದು, ಆ ಸದ್ದು ನನಗೆ ಗೊತ್ತು, ಹನ್ನೆರಡು ಬಾವಿಗಳ ಕೋಷ್ಟಕ ಕಳಿಸೀನ್ರಿ, ಪ್ರತಿಯೊಂದು ಸಾಲಿನ ಕೊನೀಗೆ ಕುಡಿಯಾಕ ಯೋಗ್ಯ ಹೌದೋ ಅಲ್ಲೋ ಬರೀರಿ, ಚಾಲೂ ಕರಾ, ಮತ್ತು ನಾನು ಹೊರಟೆ, ಕೆಳಗೆ ಬಾಣ, ಬಲಕ್ಕೆ ಬಾಣ, ಮೊದಲು ಕೇಳು ಆಮೇಲೆ ಬೆರಳು, ಸಾಲು ಒಂದು, ಕಂದಲಗಾಂವ, ಪಿಎಚ್ ಏಳು ಬಿಂದು ನಾಲ್ಕು, ಯೋಗ್ಯ, ಸಾಲು ಎರಡು, ಸಾಲು ಮೂರು, ಕೋಷ್ಟಕ ಈಗ ಕೋಷ್ಟಕವಲ್ಲ, ಓಣಿಗಳಿರುವ ಊರು, ಅದರಲ್ಲಿ ನಾನು ಮನೆ ಮನೆಗೂ ನಡೆಯುತ್ತಿದ್ದೇನೆ, ಯಾರ ಹೆಗಲನ್ನೂ ಹಿಡಿಯದೆ, ಸಾಲು ಒಂಬತ್ತು, ಹುಲಜಂತಿಯ ದಾರಿಯ ಒಂದು ತೋಟದ ಬಾವಿ, ಒಟ್ಟು ಗಡಸುತನ ಇನ್ನೂರ ನಲವತ್ತು, ಗಡಸುತನ ಎಂದೊಡನೆ ಶಂಕುಪಾತ್ರೆಯಲ್ಲಿ ದ್ರಾಕ್ಷಿಯ ಕೆಂಪು, ಬೇಡ, ಈಗ ಬೇಡ, ಬಲಕ್ಕೆ ಬಾಣ, ಕ್ಯಾಲ್ಸಿಯಂ ಗಡಸುತನ ನಾನೂರ ಇಪ್ಪತ್ತು. ನಿಂತೆ. ಒಟ್ಟಿನೊಳಗಿನ ಒಂದು ಭಾಗವೇ ಕ್ಯಾಲ್ಸಿಯಂ, ಭಾಗ ಒಟ್ಟಿಗಿಂತ ದೊಡ್ಡದಾಗುವುದು ಹೇಗೆ, ನಾನು ದಾರಿ ತಪ್ಪಿ ಬೇರೆ ಸಾಲಿಗೆ ಹೋದೆನೇ, ತಪ್ಪು ನನ್ನದೇ ಇರಬೇಕು, ಎರಡು ವರ್ಷದಿಂದ ಏನು ಬಿದ್ದರೂ ಏನು ಒಡೆದರೂ ನನ್ನದೇ, ತಲೆಬರಹಕ್ಕೆ ಹೋದೆ, ಮರಳಿದೆ, ಸಾಲು ಒಂಬತ್ತೇ, ಅಂಕಿ ಅಂಕಿಯಾಗಿ ಓದಿಸಿದೆ, ನಾಲ್ಕು, ಎರಡು, ಸೊನ್ನೆ, ಆರು ನಿಮಿಷ ಉಳಿದಿವೆ, ಯೋಗ್ಯವೆಂದು ಬರೆದು ಮುಂದೆ ಹೋಗಬಹುದು, ಯಾರು ಕೇಳುತ್ತಾರೆ, ಕೆಂಪು, ಇನ್ನೂ ಕೆಂಪು, ಮಂಜು ಕವಿದ ಎಡಗಣ್ಣು ಮುಚ್ಚಿ ಬಲಗಣ್ಣೊಂದರಿಂದ ನೋಡುತ್ತಿದ್ದ ಕೊನೆಯ ಪ್ರಾಕ್ಟಿಕಲ್, ಹನಿ ಹನಿಯಾಗಿ ದ್ರಾವಣ ಬಿಡುವ ಬ್ಯುರೆಟ್ಟಿನ ನಲ್ಲಿಯ ಮೇಲೆ ಈ ಬೆರಳುಗಳೇ, ಕೆಂಪು ಬದಲಾಗುವ ಹನಿಯಲ್ಲೇ ಗಡಸುತನದ ಉತ್ತರ. ಮೇಡಮ್, ಒಂಬತ್ತನೇ ಸಾಲು ಸಾಧ್ಯ ಇಲ್ರಿ, ನಾ ಇದಕ್ಕ ಯೋಗ್ಯ ಅಂತ ಬರಿಯಂಗಿಲ್ಲ, ಅಯೋಗ್ಯ ಅಂತಾನೂ ಬರಿಯಂಗಿಲ್ಲ, ಮತ್ತೊಮ್ಮೆ ಪರೀಕ್ಷಾ ಮಾಡಬೇಕು ಅಂತ ಬರೀತೀನಿ. ಆ ಕಡೆ ಗಾಜು ತೊಳೆಯುವುದು ನಿಂತಿತು, ಕಾಗದ ತಿರುವುವ ಸದ್ದು, ಬಹಳ ಹೊತ್ತು ಕಾಗದ, ನಾನು ಉಳಿದ ಮೂರು ಸಾಲು ಮುಗಿಸಿ ಕಡತ ಉಳಿಸಿ ಕಳಿಸಿದೆ, ಕಳಿಸಲಾಗಿದೆ ಎಂದಿತು ಮೂಗಿನ ಧ್ವನಿ, ಬಾಪರೇ, ಎಂದರು ಶುಭಾಂಗಿ ಮೇಡಮ್, ಇದ ನಾವ ಇಟ್ಟ ಪರೀಕ್ಷಾ ಅಲ್ರಿ, ಇದ ನಮ್ಮದ ಚೂಕ, ಅಂಕಿ ಹಿಂದ ಮುಂದ ಆಗ್ಯಾವ, ಸೋಮವಾರದಿಂದ ನಾವ ಮೂರು ಮಂದಿ ಕಣ್ಣಾರೆ ನೋಡೀವಿ, ಸಹೀನೂ ಮಾಡೀವಿ — ಗೋಪಿಕಾ, ಒಂದನೇ ತಾರೀಖಿಗೆ ಬರ್ರಿ, ಯಂತ್ರ ನಿಮ್ಮದ ತರ್ರಿ, ಮೊದಲ ಈ ಒಂಬತ್ತನೇ ಬಾವಿ ನೀರ ತರಸೋಣು. ಹಿಂದೆ ಅಪ್ಪ ಮೂಗು ಸೀಟಿಕೊಂಡರು, ಎದ್ದು ಬರಲಿಲ್ಲ, ಕೂತಲ್ಲೇ ಕೂತು ಕೇಳಿದರು, ಗೋಪೀ, ನಾ ಈಗ ಎದ್ದರ ನಡೀತದೇನ, ಏಳ್ರಿ ಅಪ್ಪಾ, ಮುಗೀತು, ಅಜ್ಜಿ ಏನೋ ಅನ್ನುತ್ತಿದ್ದಾಳೆ, ಫೋನು ರಿಂಗಾಗುತ್ತಿದೆ, ಪರಾಗ ಸರ್ ಇರಬೇಕು, ಎತ್ತಬೇಕು, ಎತ್ತುತ್ತೇನೆ, ಆದರೆ ಬಾವಿಯ ನೀರು ಶಂಕುಪಾತ್ರೆಗೆ ಬಂದಿದೆ, ಸೂಚಕ ಬಿದ್ದಿದೆ, ಕೆಂಪು, ಪಾತ್ರೆ ಅಲ್ಲಾಡಿಸುತ್ತಿದ್ದೇನೆ, ಕೆಂಪು, ಬ್ಯುರೆಟ್ಟಿನ ತುದಿಯಲ್ಲಿ ತೂಗುವ ಒಂದು ಹನಿ, ಇನ್ನೂ ಕೆಂಪು, ಹನಿ ಬಿತ್ತು — ನೀಲಿ