ಒಲೆಗೆ ಹಾಕಿದ ಚೀಟಿ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲದಿದ್ದರೂ ಹೇಳಹೊರಟಿದ್ದೇನೆ, ಕ್ಷಮಿಸಿ. ಸಂಜೆ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು.

ನಮ್ಮದು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ. ವರ್ಷದಲ್ಲಿ ಹಗಲು ಅತಿ ಚಿಕ್ಕದಾಗುವ ದಿನ, ಕಿಟಕಿಯಿಂದ ಬಿಸಿಲು ಸರಿದ ಕೂಡಲೇ ಕೆಲಸ ನಿಲ್ಲಿಸುತ್ತೇವೆ. ಆ ವರ್ಷ ಮನಸ್ಸಿಗೆ ಭಾರವಾದ ಒಂದು ಸಂಗತಿಯನ್ನು ಚೂರು ಕಾಗದದಲ್ಲಿ ಬರೆದು, ಮಡಚಿ, ಅಂಟು ಕಾಯಿಸುವ ಒಲೆಗೆ ಹಾಕಬೇಕು. ಯಾರೂ ಓದುವಂತಿಲ್ಲ. ಎಲ್ಲರಿಗಿಂತ ಹಿರಿಯರು ಬೆಂಕಿ ಹಚ್ಚುತ್ತಾರೆ. ಅದರಿಂದ ಒಬ್ಬೊಬ್ಬರೂ ಮೇಣದಬತ್ತಿ ಹೊತ್ತಿಸಿಕೊಂಡು, ನಾಳೆಯಿಂದ ಹಗಲು ಬೆಳೆಯುತ್ತದೆ ಎಂದು ಹೇಳಿಕೊಳ್ಳುತ್ತೇವೆ.

ಆ ಸಲ ಬೆಂಕಿ ಹಚ್ಚಬೇಕಾದವಳು ದೊಡ್ಡಕ್ಕ. ಅಂಗಡಿಗೆಲ್ಲ ಅವಳು ಅಕ್ಕ. ಅವಳಿಗೆ ಅದೇ ಕೆಲಸದ ಕೊನೆಯ ದಿನ. ಎರಡು ವಾರದ ಹಿಂದೆ ಅವಳು ಅಂಟಿಸಿದ ನಲವತ್ತು ಪುಸ್ತಕಗಳ ರಟ್ಟು ತಲೆಕೆಳಗಾಗಿತ್ತು. ಕಣ್ಣು ಮಂಜಾಗಿದೆ, ಇನ್ನು ಮನೆಯಲ್ಲಿರಲಿ ಎಂದು ಕೆಲಸ ನೋಡಿಕೊಳ್ಳುವ ಮೇಸ್ತ್ರಿ ತೀರ್ಮಾನಿಸಿದ್ದರು. ಆದರೆ ಅಂಟಿಸುವಾಗ ರಟ್ಟಿನ ಹೆಸರು ಅಚ್ಚಾದ ಮಗ್ಗುಲು ಕೆಳಗಿರುವುದರಿಂದ ಅಂಟಿಸುವವರಿಗೆ ತಲೆ ಯಾವುದು, ಬುಡ ಯಾವುದು ಕಾಣುವುದಿಲ್ಲ. ಜೋಡಿಸಿಟ್ಟವರನ್ನು ನಂಬಬೇಕು. ಜೋಡಿಸಿದವಳು ನಾನು. ಮೇಸ್ತ್ರಿ ಕೇಳಿದಾಗ, "ನಾನು ನೆಟ್ಟಗೇ ಇಟ್ಟಿದ್ದೆ, ಅಕ್ಕ ತಿರುಗಿಸಿಕೊಂಡಿರಬೇಕು" ಅಂದುಬಿಟ್ಟಿದ್ದೆ.

ಚೀಟಿಯಲ್ಲಿ ಅದನ್ನೇ ಬರೆದೆ. ಹೆಸರು ಹಾಕಲಿಲ್ಲ. ಆದರೆ ಪುಸ್ತಕದ ಕಟ್ಟುಗಳ ಮೇಲೆ ದಿನವೂ ಬರೆಯುವವಳು ನಾನೇ. ನನ್ನ ಅಕ್ಷರ ಯಾರಿಗೆ ಗೊತ್ತಿಲ್ಲ?

ದೊಡ್ಡಕ್ಕ ಎರಡು ಕಡ್ಡಿ ಗೀರಿದರೂ ಚೀಟಿಗಳು ಹೊತ್ತಲಿಲ್ಲ. ಮೇಸ್ತ್ರಿ ಬಗ್ಗಿ, ಒಲೆಗೆ ಕೈ ಹಾಕಿ, ಒಂದೆರಡನ್ನು ಬಿಡಿಸಿ ಮೇಲಿಟ್ಟರು. ಅಷ್ಟು ಹೊತ್ತು ಬಗ್ಗಿರಬೇಕಿತ್ತೇ? ಎದ್ದವರು ಅಕ್ಕನ ಕಿವಿಯಲ್ಲಿ ಏನೋ ಅಂದರು. ಅವಳು ನನ್ನ ಕಡೆ ನೋಡಿ ಮೂರನೇ ಕಡ್ಡಿ ಗೀರಿದಳು. ಬೆಂಕಿ ಹತ್ತಿತು.

ಬತ್ತಿ ಹಚ್ಚಿಕೊಳ್ಳಲು ಹೋದಾಗ ಅವಳು ಕೇಳಿದಳು: "ಏನೇ, ನಿನ್ನ ಚೀಟಿ ಭಾರೀ ಉದ್ದ ಇತ್ತಂತೆ?"

"ಸಂಜೆ ಶಾಲೆಗೆ ಹೋದೋರಲ್ವಾ ಅಕ್ಕ," ಮೇಸ್ತ್ರಿ ನಕ್ಕರು. "ಒಂದು ಸಾಲಲ್ಲಿ ಮುಗಿಸೋಕೆ ಬರಲ್ಲ."

ಹಾಗಾದರೆ ನನ್ನ ಚೀಟಿ ಓದಿದ್ದಾರೆ. ಇಬ್ಬರೂ ಸೇರಿ ನನ್ನ ಬಾಯಿ ಬಿಡಿಸುತ್ತಿದ್ದಾರೆ.

"ಆ ರಟ್ಟುಗಳನ್ನ ತಿರುಗಿಸಿ ಜೋಡಿಸಿದ್ದು ನಾನು," ಅಂದೆ. "ಅಕ್ಕನ ಕಣ್ಣಿನ ತಪ್ಪಲ್ಲ."

ಮೇಸ್ತ್ರಿಯ ನಗು ಹಾಗೇ ನಿಂತಿತು. "ಎರಡು ವಾರದಿಂದ ಬಾಯಿಗೆ ಅಂಟು ಹಚ್ಕೊಂಡಿದ್ದೆಯಾ?"

ದೊಡ್ಡಕ್ಕ ಕಳಚಿಟ್ಟಿದ್ದ ಕೆಲಸದ ಬಟ್ಟೆಯನ್ನು ಚೀಲದಿಂದ ತೆಗೆದು ಮತ್ತೆ ಮೊಳೆಗೆ ನೇತುಹಾಕಿದಳು. "ನಾಳೆ ಬರ್ತೀನಿ ಮೇಸ್ತ್ರಿ. ಇವಳನ್ನ ಮಾತ್ರ ನನ್ನ ಪಕ್ಕ ಕೂರಿಸಬೇಡಿ."

ಅವಳು ಈಗಲೂ ಅದೇ ಮೇಜಿನಲ್ಲಿದ್ದಾಳೆ. ನಾನು ಕತ್ತರಿಸುವ ಯಂತ್ರದ ಹತ್ತಿರ.

ಅವರು ಚೀಟಿ ಓದಿದ್ದರೋ, ಎಲ್ಲರೂ ಬರೆದು ಮುಗಿಸಿದ ಮೇಲೂ ನಾನೊಬ್ಬಳೇ ಬರೆಯುತ್ತಿದ್ದದ್ದನ್ನು ಕಂಡು ತಮಾಷೆ ಮಾಡಿದರೋ, ಗೊತ್ತಿಲ್ಲ. ಕೇಳುವ ಧೈರ್ಯವಾಗಿಲ್ಲ. ಓದಿಲ್ಲವೆಂದು ನನಗೆ ಖಚಿತವಾಗಿದ್ದರೆ ಬಾಯಿ ಬಿಡುತ್ತಿದ್ದೆನೇ? ಅದೂ ಗೊತ್ತಿಲ್ಲ.