ಭಾವ ಬಿಚ್ಚಿ ಕಟ್ಟಿದ ಎಂಜಿನ್

ಮನೆಯವರೆಲ್ಲ ಅವಳನ್ನು ಜರಡಿ ಅಂತಲೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಅಂಗಡಿಯಿಂದ ತಂದ ಸಕ್ಕರೆಯನ್ನು ಮನೆಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗುವ, ಗಂಡ ಜ್ವರ ಅಂದರೆ ಹಣೆ ಮುಟ್ಟಿ ನೋಡದೆ ನಂಬದ, ಡಾಕ್ಟರು ಕೊಟ್ಟ ಮಾತ್ರೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿ ನುಂಗುವ ಹೆಂಗಸಿಗೆ ಬೇರೆ ಯಾವ ಹೆಸರು ಒಪ್ಪುತ್ತೆ ಹೇಳಿ? ಅನುಮಾನ ಅವಳಿಗೊಂದು ಕಾಯಿಲೆ ಅನ್ನುವವರಿದ್ದರು. ಕಾಯಿಲೆ ಅಲ್ಲ, ಕಾವಲು ಅನ್ನುತ್ತಿದ್ದಳು ಅವಳು.

ಆ ಕಾವಲಿನಲ್ಲಿದ್ದ ದೊಡ್ಡ ಆಸ್ತಿ ಅಂದರೆ ಅಪ್ಪನಿಂದ ಬಂದ ಹಳೇ ಲಾರಿ. ನಾಲ್ಕೂ ಗಾಲಿ ಎಳೆಯುವ, ರಸ್ತೆ ಅನ್ನೋದೇ ಇಲ್ಲದ ಗುಡ್ಡಕ್ಕೂ ಮುಕ್ಕರಿದು ಹತ್ತುವ ಗಾಡಿ. ಗುಡ್ಡದ ನೆತ್ತಿಯ ಟವರುಗಳಿಗೆ ಡೀಸೆಲ್ಲು, ಕಬ್ಬಿಣ, ಸಿಮೆಂಟು ಹೊತ್ತು ಹಾಕುವುದು ಅದರ ಕೆಲಸ. ಓಡಿಸುವವಳು ಇವಳು, ಲೋಡು ಹಿಡಿದು ತರುವವನು ಗಂಡ. ಅಂಥ ಲಾರಿ ಒಂದು ದಿನ ಅರ್ಧ ಏರಿನಲ್ಲಿ ನೀಲಿ ಹೊಗೆ ಕಾರಿ, ಕೆಮ್ಮಿ, ಇನ್ನು ನನ್ನ ಕೈಲಾಗಲ್ಲ ಅಂತ ನಿಂತುಬಿಟ್ಟಿತು.

"ಎಂಜಿನ್ ಬದಲಾಯಿಸಿಬಿಡೋಣ," ಅಂದ ಗಂಡ. "ಗುಜರಿಯಲ್ಲಿ ಒಂದಿದೆ, ಗುದ್ದಿಕೊಂಡ ವ್ಯಾನಿಂದು. ಹಳೇದು ಎತ್ತು, ಹೊಸದು ಇಳಿಸು, ಬೋಲ್ಟು ಬಿಗಿ, ಹೊರಡು."

"ಬದಲಾಯಿಸೋದ್ಯಾಕೆ?" ಅಂದ ಭಾವ. ಭಾವ ಅಂದರೆ ಅವಳ ಅಕ್ಕನ ಗಂಡ, ಹಳೇ ಕಾಲದ ಮೆಕ್ಯಾನಿಕ್ಕು. "ಪಿಸ್ಟನ್ ಸವೆದಿದೆ, ಬೇರಿಂಗ್ ಸವೆದಿದೆ, ಅಷ್ಟೇ ತಾನೇ? ಬಿಚ್ಚಿ ಕಟ್ಟಿದ್ರೆ ಇನ್ನೊಂದು ಆಯುಸ್ಸು ಓಡುತ್ತೆ. ನಾನು ಕಟ್ಟಿಕೊಡ್ತೀನಿ. ಕೂಲಿ ಬೇಡ."

ಅದೇ ಆದದ್ದು ಎಡವಟ್ಟು. ಕೂಲಿ ಬೇಡ ಅಂದ ಕ್ಷಣವೇ ಜರಡಿಯ ಕಿವಿ ನೆಟ್ಟಗಾಯಿತು. ಕೂಲಿ ಕೇಳಿದ್ದರೆ ಜಗ್ಗಾಡಿ ಇಳಿಸಿ ಸುಮ್ಮನಾಗುತ್ತಿದ್ದಳು. ಪುಕ್ಕಟೆ ಅನ್ನುವವನು ಮುಂದಿನಿಂದ ಬಿಟ್ಟದ್ದನ್ನು ಹಿಂದಿನಿಂದ ಕೀಳುತ್ತಾನೆ ಅನ್ನುವುದು ಅವಳ ಸಿದ್ಧಾಂತ.

ಭಾವನ ಕಷ್ಟ ಬೇರೆಯೇ ಇತ್ತು, ಊರಿಗೆಲ್ಲ ಗೊತ್ತಿತ್ತು. ಗ್ಯಾರೇಜುಗಳ ಆ ಬೀದಿಯಲ್ಲಿ ಈಗ ಎಂಜಿನ್ ಬಿಚ್ಚಿ ಕಟ್ಟುವವರೇ ಇರಲಿಲ್ಲ. ಎಲ್ಲರೂ ಬದಲಾಯಿಸುವವರೇ. ಒಂದು ಕಾಲಕ್ಕೆ ಶಬ್ದ ಕೇಳಿಯೇ ರೋಗ ಹೇಳುತ್ತಿದ್ದ ಭಾವ ಈಗ ಪಂಕ್ಚರು ಹಾಕುತ್ತ, ಬ್ರೇಕು ಬಿಗಿಯುತ್ತ ಕೂತಿದ್ದ. ಪಕ್ಕದ ಶೆಡ್ಡಿನವರು, "ಅಜ್ಜನಿಗೆ ಎಂಜಿನ್ ಕೊಟ್ರೆ ಅರ್ಧ ಬೋಲ್ಟು ಮಿಗಿಸ್ತಾನೆ," ಅಂತ ನಗುತ್ತಿದ್ದರು. ಅಕ್ಕ ಒಂದು ಮಧ್ಯಾಹ್ನ ಬಂದು ತಂಗಿಯ ಕೈ ಹಿಡಿದುಕೊಂಡಳು. "ಇದೊಂದು ಅವರಿಗೆ ಕೊಡೇ. ಇದೊಂದು ಎಂಜಿನ್ ಓಡಿಬಿಟ್ರೆ ಮನುಷ್ಯ ಮತ್ತೆ ತಲೆ ಎತ್ತಿ ಓಡಾಡ್ತಾರೆ," ಅಂದಳು.

ಜರಡಿ ಗುಜರಿಗೂ ಹೋಗಿ ನೋಡಿದಳು. ವ್ಯಾನಿನ ಎಂಜಿನ್ನಿಗೆ ಫಳಫಳ ಬೆಳ್ಳಿ ಬಣ್ಣ ಬಳಿದಿದ್ದರು. ಬೆಳ್ಳಗಿರೋದೆಲ್ಲ ಹಾಲಾಗುತ್ತಾ? ಬಣ್ಣ ಬಳಿದಿದ್ದಾರೆ ಅಂದರೆ ಅಡಿಯಲ್ಲಿ ಏನೋ ಮುಚ್ಚಿದ್ದಾರೆ. ಗುಜರಿಯವ ಗಂಡನ ಜೊತೆ ಕಣ್ಣು ಮಿಟುಕಿಸಿದ ಹಾಗೂ ಕಂಡಿತು. ಅವನಿಗೆ ಕಣ್ಣು ನೋವಿದ್ದಿರಬಹುದು, ಆ ಮಾತು ಬೇರೆ. ಕೊನೆಗೆ ಅವಳು ಲೆಕ್ಕ ಹಾಕಿದ್ದು ಹೀಗೆ: ಇಬ್ಬರು ಕಳ್ಳರಲ್ಲಿ ಮನೆಯ ಕಳ್ಳನೇ ವಾಸಿ, ಬೇಕಾದಾಗ ಕುತ್ತಿಗೆಗೆ ಸಿಗ್ತಾನೆ. ಲಾರಿ ಭಾವನ ಶೆಡ್ಡಿಗೆ ಹೋಯಿತು. ಹಿಂದೆಯೇ ಒಂದು ಪ್ಲಾಸ್ಟಿಕ್ ಸ್ಟೂಲು ಹಿಡಿದು ಜರಡಿಯೂ ಹೋದಳು.

ಬೆಳಗ್ಗೆ ಬಂದು ಕೂತರೆ ಸಂಜೆಗೇ ಏಳುವುದು. ಭಾವ ಏನು ಬಿಚ್ಚಿದ, ಎಲ್ಲಿಟ್ಟ, ಯಾವುದನ್ನು ಒರೆಸಿದ, ಯಾವುದನ್ನು ನೋಡಿ ಲೊಚಗುಟ್ಟಿದ, ಎಲ್ಲವನ್ನೂ ಕಣ್ಣಲ್ಲೇ ಎಣಿಸುತ್ತಿದ್ದಳು. ಭಾವನಿಗೋ ಖುಷಿಯೋ ಖುಷಿ. ತನ್ನ ಕೆಲಸವನ್ನು ಕಣ್ಣಿಟ್ಟು ನೋಡುವವರು ಸಿಕ್ಕಿ ಎಷ್ಟು ಕಾಲವಾಗಿತ್ತು! ದಿನಾ ಎರಡು ಲೋಟ ಚಹಾ ತರಿಸುತ್ತಿದ್ದ, ಒಂದು ತನಗೆ, ಒಂದು ಅವಳಿಗೆ. ಕೇಳದಿದ್ದರೂ ಒಂದೊಂದನ್ನೇ ಎತ್ತಿ ತೋರಿಸಿ ಹೇಳುತ್ತಿದ್ದ.

"ಇದು ರಾಡು, ಪಿಸ್ಟನ್ನಿನ ಕಾಲು ಅಂತ ಇಟ್ಕೋ. ರಾಡಿನ ಬುಡಾನ ಕೆಳಗಿಂದ ಅಪ್ಪಿ ಹಿಡಿಯೋದು ಈ ಅರ್ಧಚಂದ್ರ, ಇದಕ್ಕೆ ಕ್ಯಾಪು ಅಂತಾರೆ. ನಾಲ್ಕು ರಾಡು, ನಾಲ್ಕು ಕ್ಯಾಪು. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಗಂಡ ಹೆಂಡತಿ ಇದ್ದ ಹಾಗೆ, ಅದಲು ಬದಲಾದ್ರೆ ಸಂಸಾರ ಎಕ್ಕುಟ್ಟೋಯ್ತು."

"ಮತ್ತೆ ಯಾವುದು ಯಾವುದರದ್ದು ಅಂತ ಹೆಂಗೆ ಗೊತ್ತಾಗುತ್ತೆ? ಗುರುತು ಹಾಕಲ್ವಾ?"

"ನಾನು ಗುರುತು ಹಾಕೋನಲ್ಲ. ಈ ಬೆಂಚಿದೆಯಲ್ಲ, ಇಲ್ಲಿ ನಿಂತು ಎಡದಿಂದ ಬಲಕ್ಕೆ ಸಾಲಾಗಿ ಇಡ್ತೀನಿ. ಸಾಲೇ ಗುರುತು. ನನ್ನ ಬೆಂಚು ಯಾರೂ ಮುಟ್ಟಲ್ಲ."

ಇಷ್ಟು ಹೇಳಿ ಭಾವ ಹೆಮ್ಮೆಯಿಂದ ಬೆಂಚು ಸವರಿದ. ಜರಡಿ ಕೇಳಿಸಿಕೊಂಡದ್ದು ಒಂದೇ ಮಾತು, ಗುರುತಿಲ್ಲ. ಗುರುತಿಲ್ಲ ಅಂದರೆ ಏನರ್ಥ? ಅಪ್ಪನ ಕಾಲದ ಗಟ್ಟಿ ಉಕ್ಕು ಇವತ್ತು ಇಲ್ಲಿಂದ ಎದ್ದುಹೋಗಿ ನಾಳೆ ಯಾವುದೋ ಕಳಪೆ ಮಾಲು ಅದೇ ಜಾಗದಲ್ಲಿ ಕೂತಿದ್ದರೆ ಯಾರಪ್ಪ ಕೇಳುವವರು? ಕೂಲಿ ಯಾಕೆ ಬೇಡ ಅಂತ ಈಗ ಬೆಳಕಾಯಿತು ನೋಡಿ!

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಾರನೇ ದಿನ ಭಾವ ಒಂದು ಚೀಲಕ್ಕೆ ಹಳೇ ಪಿಸ್ಟನ್ನು ತುಂಬಿ, ಅಳತೆಗೆ ಸರಿಯಾಗಿ ಹೊಸದು ತರ್ತೀನಿ ಅಂತ ಸ್ಕೂಟರ್ ಹತ್ತಿದ. ಚೀಲ ಇಷ್ಟು ಭಾರ ಯಾಕಿದೆ ಅಂತ ಅವಳು ಕತ್ತು ಚಾಚಿ ನೋಡಿದಳು. ಸ್ಕೂಟರಿನ ಸದ್ದು ಮರೆಯಾಗಿದ್ದೇ ತಡ, ಎದ್ದು ಗೋಡೆಯ ಮೇಲಿದ್ದ, ಕಬ್ಬಿಣ ಉಜ್ಜುವ ಅರ ತೆಗೆದುಕೊಂಡಳು. ಬೆಂಚಿನ ಆಚೆ ಬದಿಗೆ ಹೋಗಿ ನಿಂತಳು, ಅಲ್ಲಿಂದ ಬಾಗಿಲು ಕಾಣುತ್ತದೆ ಅಂತ. ನಾಲ್ಕೂ ಕ್ಯಾಪು ಮಡಿಲಿಗೆ ಹಾಕಿಕೊಂಡು, ಒಂದೊಂದರ ಮೂಲೆಗೂ ಸಣ್ಣಗೆ ಒಂದೊಂದು ಗೀಟು ಹಾಕಿದಳು. ಇನ್ನು ಬದಲಾಯಿಸಲಿ ನೋಡೋಣ! ಎಡದಿಂದ ಬಲಕ್ಕೆ ಅಂತ ಬಾಯಲ್ಲೇ ಹೇಳಿಕೊಳ್ಳುತ್ತ ಸಾಲಾಗಿ ವಾಪಸ್ ಇಟ್ಟು, ಕೈ ಒರೆಸಿಕೊಂಡು ಸ್ಟೂಲಿಗೆ ಬಂದು ಕೂತಳು. ಎಡ ಅನ್ನುವುದು ಯಾರ ಎಡ ಅಂತ ಅವಳು ಯೋಚಿಸಲಿಲ್ಲ. ಲೋಕದ ಮೇಲೆಲ್ಲ ಅನುಮಾನ ಪಟ್ಟವಳಿಗೆ ತನ್ನ ಮೇಲೊಂದು ಬರಲಿಲ್ಲ.

ಭಾವ ಹೊಸ ಪಿಸ್ಟನ್ನೂ ಹಳೇ ಪಿಸ್ಟನ್ನೂ ಎರಡನ್ನೂ ತಂದು ಬೆಂಚಿನ ಮೇಲೆ ಸುರಿದ. ಎಂಜಿನ್ ಕಟ್ಟುವ ದಿನ ಜರಡಿ ಬಗ್ಗಿ ಬಗ್ಗಿ ನೋಡಿದಳು. ನಾಲ್ಕರ ಮೇಲೂ ಅವಳ ಗೀಟು ಇದ್ದೇ ಇತ್ತು. ಕಳ್ಳತನ ಆಗಿಲ್ಲ! ನಿಜ ಹೇಳಬೇಕೆಂದರೆ ಅವಳಿಗೆ ಕೊಂಚ ನಿರಾಸೆಯೇ ಆಯಿತು. ಭಾವ ಕೈಯಲ್ಲಿ ತಿರುಗಿಸಿ ನೋಡಿ, "ಯಾಕೋ ಬಿಗಿ ಇದೆಯಲ್ಲ," ಅಂತ ಹುಬ್ಬು ಗಂಟಿಕ್ಕಿದ. ಒಂದು ಗಳಿಗೆ ನಿಂತ. ಆಮೇಲೆ, "ಹೊಸ ಬೇರಿಂಗು, ಓಡ್ತಾ ಓಡ್ತಾ ಸಡಿಲ ಆಗುತ್ತೆ," ಅಂತ ತನಗೆ ತಾನೇ ಹೇಳಿಕೊಂಡ.

ಲಾರಿ ಶುರುವಾದಾಗ ಬೀದಿಯೇ ಬಂದು ನಿಂತಿತು. ನಗುತ್ತಿದ್ದ ಪಕ್ಕದ ಶೆಡ್ಡಿನವರಿಗೂ ಭಾವನೇ ಚಹಾ ಕೊಡಿಸಿದ. ಅಕ್ಕ ಸುಮ್ಮಸುಮ್ಮನೆ ಕಣ್ಣು ಒರೆಸಿಕೊಂಡಳು.

ಆ ವಾರ ಕಳೆಯುವ ಮೊದಲೇ ತುಂಬಿದ ಲೋಡಿನಲ್ಲಿ, ಗುಡ್ಡದ ಕಡಿದಾದ ತಿರುವಿನಲ್ಲಿ, ಎಂಜಿನ್ ಟಕಟಕ ಅಂದಿತು. ಸ್ಟಿಯರಿಂಗ್ ಹಿಡಿದಿದ್ದ ಜರಡಿ ಆಕ್ಸಿಲರೇಟರಿನಿಂದ ಕಾಲು ತೆಗೆಯುವಷ್ಟರಲ್ಲಿ ಢಮ್ ಅಂತ ಒಂದು ಸದ್ದು. ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಗೆ ಬಂದಿತ್ತು. ಎಣ್ಣೆಯೆಲ್ಲ ಮಣ್ಣಿಗೆ. ಅವಳು ಕಲ್ಲು ಹುಡುಕಿ ಗಾಲಿಗೆ ಒಡ್ಡಿದಳು. "ಅಯ್ಯೋ ಮನೆಹಾಳ ಭಾವ!" ಅಂತ ಬಾಯಿತುಂಬ ಬೈದಳು. ಬೇಕಾದರೆ ಆ ಗುಡ್ಡವನ್ನೇ ಕೇಳಿ.

ಹಗ್ಗ ಕಟ್ಟಿ ಎಳೆದು ತಂದ ಲಾರಿ ಅದೇ ಬೀದಿಯಲ್ಲಿ, ಅದೇ ಜನರ ಕಣ್ಣೆದುರು ಶೆಡ್ಡಿಗೆ ಬಂತು. ಭಾವ ಎಂಜಿನ್ ಬಿಚ್ಚಿದ. ಒಂದೊಂದು ಕ್ಯಾಪನ್ನೂ ಒಂದೊಂದು ರಾಡಿಗೆ ಹಿಡಿದು, ಕೂಡಿದ ಜಾಗದಲ್ಲಿ ಉಗುರು ಎಳೆದು ನೋಡಿದ. ಉಗುರು ತಡೆದರೆ ತೆಗೆದ, ನುಣ್ಣಗೆ ಕೂತದ್ದನ್ನು ಪಕ್ಕಕ್ಕಿಟ್ಟ. ಮುಖ ಬಿಳಿಚಿಕೊಂಡಿತು.

"ಸಾಲು ಪೂರ್ತಿ ತಿರುಗಿ ಹೋಗಿದೆ," ಅಂದ. "ಒಂದನೇದು ನಾಲ್ಕಕ್ಕೆ, ನಾಲ್ಕನೇದು ಒಂದಕ್ಕೆ. ನಾನೇ ಕಟ್ಟಿದ್ದು. ಬಿಗಿ ಇತ್ತು, ಗೊತ್ತಾಯ್ತು, ಆದ್ರೂ ನೋಡಲಿಲ್ಲ. ನನ್ನ ತಲೆ ಹೋಗಿದೆ."

ಜರಡಿಗೆ ಆಗ ಗೊತ್ತಾಯಿತು. ಬೆಂಚಿನ ಆಚೆ ಬದಿ, ಮಡಿಲು, ಎಡದಿಂದ ಬಲಕ್ಕೆ. ಬಾಯಿ ತೆರೆದಳು, ಗಂಡ ಅಲ್ಲೇ ನಿಂತಿದ್ದ, ಬೀದಿಯವರೆಲ್ಲ ನಿಂತಿದ್ದರು, ಬಾಯಿ ಮುಚ್ಚಿದಳು. ಹೇಡಿ ಅನ್ನಿ ಬೇಕಾದರೆ, ಅವಳೂ ತನ್ನನ್ನು ಅದೇ ಮಾತಲ್ಲಿ ಬೈದುಕೊಂಡಳು.

ಗುಜರಿಯ ಬೆಳ್ಳಿ ಬಣ್ಣದ ಎಂಜಿನ್ನೇ ಬಂತು. ಎತ್ತಿದರು, ಇಳಿಸಿದರು, ಬೋಲ್ಟು ಬಿಗಿದರು. ಬಣ್ಣದ ಅಡಿಯಲ್ಲಿ ಏನೂ ಇರಲಿಲ್ಲ, ಅಚ್ಚುಕಟ್ಟಾಗಿ ಓಡಿತು. ಅದು ಓಡಿದಷ್ಟೂ ಜರಡಿಗೆ ಸಂಕಟ. ಅತ್ತ ಭಾವ ಶೆಡ್ಡಿನ ಬಾಗಿಲು ಎಳೆದುಬಿಟ್ಟಿದ್ದ. ಪಂಕ್ಚರೂ ಇಲ್ಲ, ಬ್ರೇಕೂ ಇಲ್ಲ. "ತಮ್ಮ ಕೈಯನ್ನೇ ಯಾರದೋ ಕೈ ನೋಡಿದ ಹಾಗೆ ನೋಡ್ತಾ ಕೂರ್ತಾರೆ ಕಣೇ," ಅಂತ ಅಕ್ಕ ಫೋನಿನಲ್ಲಿ ಅತ್ತಳು. "ಸಾಮಾನೆಲ್ಲ ಮಾರ್ತಾರಂತೆ. ಸಂಜೆಗೆ ಯಾರೋ ಒಯ್ಯೋಕೆ ಬರ್ತಾರೆ."

ಜರಡಿ ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಓಡಿದಳು.

ಭಾವ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು.

"ನೀವಲ್ಲ ಭಾವ, ನಾನು," ಅಂದಳು ಜರಡಿ ಏದುಸಿರು ಬಿಡುತ್ತ. "ನೀವಿಲ್ಲದಾಗ ಕ್ಯಾಪು ಎತ್ತಿದ್ದೆ. ಹಿಂದು ಮುಂದಾಗಿ ಇಟ್ಟೆ."

ಭಾವ ನಕ್ಕ. "ನಿಮ್ಮಕ್ಕ ಹೇಳಿಕೊಟ್ಟಳಾ?"

"ಇಲ್ಲ! ನೋಡಿ, ಗೀಟು ಇದೆ." ಮೂಲೆಯ ರಾಶಿಯಿಂದ ಕ್ಯಾಪುಗಳನ್ನು ಹೆಕ್ಕಿ ತಂದಳು.

"ಒಡೆದಾಗ ಬಿದ್ದ ಗೀಟು."

"ನಾಲ್ಕಕ್ಕೂ ಒಂದೇ ಮೂಲೆಲಿ ಬೀಳುತ್ತಾ?"

ಭಾವ ತಿರುಗಿಸಿ ನೋಡಿದ. "ಯಾಕೆ ಗೀಚಿದೆ? ಕಲಿಯೋಕಾ?"

ಅಕ್ಕ ಬಾಗಿಲಿಂದಲೇ ಹೂಂ ಅನ್ನು, ಹೂಂ ಅನ್ನು ಅಂತ ಕಣ್ಣಲ್ಲೇ ಬೇಡಿದಳು.

"ಹೂಂ," ಅಂದಳು ಜರಡಿ. "ಕಲಿಯೋಕೆ."

"ಸುಳ್ಳು. ಕಲಿಯೋಳಾಗಿದ್ರೆ ನನ್ನನ್ನ ಕೇಳ್ತಿದ್ದೆ, ನಾನಿಲ್ಲದಾಗ ಗೀಚ್ತಿರಲಿಲ್ಲ. ಮುದುಕನ್ನ ಸಮಾಧಾನ ಮಾಡೋಕೆ ಇದನ್ನೂ ಅಕ್ಕ ತಂಗಿ ಸೇರಿ ಆಮೇಲೆ ಗೀಚಿಟ್ಟಿದ್ದೀರಿ. ಸಾಕು, ಹೋಗಮ್ಮ." ಮತ್ತೆ ಸ್ಪ್ಯಾನರು ಎತ್ತಿಕೊಂಡ.

"ನೀವು ಕಳ್ಳ ಅಂದ್ಕೊಂಡಿದ್ದೆ ಭಾವ." ಜರಡಿ ಅಲ್ಲಿಂದ ಕದಲಲಿಲ್ಲ. "ಕೂಲಿ ಬೇಡ ಅಂದ್ರಲ್ಲ, ಅಪ್ಪನ ಸಾಮಾನು ಕದ್ದು ಮಾರ್ತೀರ ಅಂದ್ಕೊಂಡೆ. ಕ್ಯಾಪು ಬದಲಾಯಿಸಿದ್ರೆ ಹಿಡೀಬೇಕು ಅಂತ ಗುರುತು ಹಾಕಿದೆ. ದಿನಾ ಬಂದು ಕೂತಿದ್ದೂ ಅದಕ್ಕೇ."

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಭಾವ ಸ್ಪ್ಯಾನರು ಕೆಳಗಿಟ್ಟ.

"ಯಾವ ಕಡೆ ನಿಂತಿದ್ದೆ?"

ಅವಳು ಬೆಂಚಿನ ಆಚೆ ಹೋಗಿ ನಿಂತಳು. ಒಂದೊಂದಾಗಿ ಇಟ್ಟು ತೋರಿಸಿದಳು. ಭಾವ ಈಚೆ ನಿಂತು ನೋಡಿದ. ನಾಲ್ಕು, ಮೂರು, ಎರಡು, ಒಂದು. ಅವನ ಬೆನ್ನು ನೆಟ್ಟಗಾಯಿತು.

"ಹಾಗಾದ್ರೆ ನಾನು ಸಾಲು ತಪ್ಪಲಿಲ್ಲ," ಅಂದ. ಹೆಂಡತಿಯ ಕಡೆ ತಿರುಗಿ, "ಕೇಳಿಸ್ತೇನೇ? ನಾನು ತಪ್ಪಲಿಲ್ಲ! ಕೈ ಸರಿಯಾಗೇ ಇದೆ!" ಅಂತ ಕೂಗಿದ. ಪೆಟ್ಟಿಗೆ ಬೋರಲು ಹಾಕಿ ಸ್ಪ್ಯಾನರುಗಳನ್ನೆಲ್ಲ ಮತ್ತೆ ಗೋಡೆಯ ಮೊಳೆಗಳಿಗೆ ನೇತುಹಾಕತೊಡಗಿದ. ಚಿಕ್ಕದರ ಪಕ್ಕ ದೊಡ್ಡದು, ದೊಡ್ಡದರ ಪಕ್ಕ ಇನ್ನೂ ದೊಡ್ಡದು. ಜರಡಿಗೆ ಅಳುವೂ ಬಂತು, ನಗುವೂ ಬಂತು. ಉಳಿಯಿತು ಅಂದುಕೊಂಡಳು, ಭಾವ ಉಳಿದುಕೊಂಡ.

ಕೊನೆಯ ಸ್ಪ್ಯಾನರು ಹಾಕಿ ಭಾವ ಕೈ ಒರೆಸಿಕೊಂಡ. ಆಗ ಉಳಿದ ಮಾತು, ಕಳ್ಳ ಅಂದದ್ದು, ಅವನಿಗೆ ತಟ್ಟಿತೇನೋ, ಮುಖದ ಬೆಳಕು ಮೆಲ್ಲಗೆ ಆರಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಹೊರಡಲು ಬಾಗಿಲ ಹತ್ತಿರ ಹೋದಾಗ, "ಒಂದು ನಿಮಿಷ," ಅಂತ ನಿಲ್ಲಿಸಿ, ಪ್ಯಾಂಟಿನ ಎರಡೂ ಜೇಬನ್ನು ಹೊರಗೆ ಎಳೆದ. ಒಂದು ವಾಷರು, ಒಂದು ಪೆನ್ಸಿಲ್ ತುಂಡು. ಅಂಗೈ ಮೇಲೆ ಇಟ್ಟು ಅವಳ ಮುಂದೆ ಹಿಡಿದ.

"ಭಾವ, ಬೇಡಿ."

"ನೋಡು. ನಿನ್ನ ಲಾರೀದು ಏನಾದ್ರೂ ಇದೆಯಾ?"

"ಇಲ್ಲ ಭಾವ."

"ಸರಿಯಾಗಿ ನೋಡಿದೆಯಾ?"

"ನೋಡಿದೆ."

"ಸರಿ," ಅಂದ ಭಾವ. "ಹಾಗಾದ್ರೆ ಹೋಗಿ ಬಾ."